ಮನೆಯ ಚಲನಚಿತ್ರವು ಕಡಲು ದಾಟುವ ಬಗೆ

ಮದುವೆಯ ಮನೆಯಲ್ಲಿ ಧಾರೆಯ ಹೊತ್ತಿಗೆ ಪುರೋಹಿತರಿಗಿಂತಲೂ ಹತ್ತಿರದಲ್ಲಿ ನಿಲ್ಲುವವರು ಈಗ ಚಿತ್ರ ತೆಗೆಯುವವರು. ಗೊತ್ತುಮಾಡಿ ಕರೆಸಿದವರು ಇಬ್ಬರಾದರೆ, ತಾವಾಗಿಯೇ ಮೊಬೈಲು ಹಿಡಿದು ಆ ಕೆಲಸಕ್ಕೆ ನಿಂತ ಬಂಧುಗಳು ಇಪ್ಪತ್ತು ಮಂದಿ. ಅವರಲ್ಲೊಬ್ಬರು ಮಾಂಗಲ್ಯಧಾರಣೆಯ ದೃಶ್ಯವನ್ನು ಸೊಗಸಾಗಿ ಸೆರೆಹಿಡಿದು, ರಜೆ ಸಿಕ್ಕದೆ ಕ್ಯಾಲಿಫೋರ್ನಿಯದಲ್ಲಿಯೇ ಉಳಿದ ವಧುವಿನ ಸೋದರಮಾವನಿಗೆ ವಾಟ್ಸಾಪಿನಲ್ಲಿ ಕಳುಹಿಸಿದರೆಂದು ಇಟ್ಟುಕೊಳ್ಳೋಣ. ಸ್ವಲ್ಪ ಹೊತ್ತಿನಲ್ಲಿಯೇ ಅದು ಅಲ್ಲಿಗೆ ಮುಟ್ಟುತ್ತದೆ. ಆತನು ಅದನ್ನು ದೊಡ್ಡ ಟೆಲಿವಿಷನ್ನಿಗೆ ಹಾಕಿ ನೋಡಿದರೆ ಮುಖಗಳು ಮಸುಕಾಗಿವೆ. ಸೀರೆಯ ಜರಿಯಂಚು ಬರಿಯ ಹಳದಿಯ ಪಟ್ಟಿಯಾಗಿದೆ. ಅಕ್ಷತೆ ಬೀಳುವ ಆ ಗಳಿಗೆಯಲ್ಲಂತೂ ಇಡೀ ಚಿತ್ರವು ಸಣ್ಣ ಸಣ್ಣ ಚೌಕಗಳಾಗಿ ಒಡೆದುಹೋಗಿದೆ. ಕಳುಹಿಸಿದವರ ಮೊಬೈಲಿನಲ್ಲಿ ಮಾತ್ರ ಅದೇ ಚಿತ್ರ ಕನ್ನಡಿಯಂತೆ ನಿಚ್ಚಳವಾಗಿದೆ.

ಮಾತು ಇಷ್ಟಕ್ಕೇ ಮುಗಿದಿದ್ದರೆ ಅದನ್ನು ದೊಡ್ಡ ನಷ್ಟವೆನ್ನಬೇಕಾಗಿರಲಿಲ್ಲ. ಆದರೆ ಕೆಲವು ತಿಂಗಳು ಕಳೆದ ಮೇಲೆ ಚಿತ್ರ ತೆಗೆದವರ ಮೊಬೈಲಿನಲ್ಲಿ ಜಾಗ ಮುಗಿಯುತ್ತದೆ. ಮದುವೆಯ ಚಿತ್ರ ಹೇಗೂ ಬಂಧುಗಳ ಗುಂಪಿನಲ್ಲಿದೆ ಎಂದು ನಂಬಿ ಅವರು ಮೂಲವನ್ನು ಅಳಿಸಿಬಿಡುತ್ತಾರೆ. ಆ ಚಿತ್ರದ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತು ಶೋಭಾನೆ ಹಾಡುತ್ತಿದ್ದ ಅಜ್ಜಿ ಮುಂದಿನ ವರ್ಷ ಇಲ್ಲವಾಗಬಹುದು. ಆಗ ಮನೆಯವರು ಹುಡುಕುವುದು ಆ ಚಿತ್ರವನ್ನು. ಸಿಕ್ಕುವುದು ಆ ಚೌಕಗಳ ಗುಂಪನ್ನು. ಆದುದರಿಂದ ಕಳುಹಿಸುವಾಗ ನಡುವೆ ನಡೆಯುವುದೇನು, ಹೋದದ್ದು ಎಲ್ಲಿ ಹೋಯಿತು ಎಂಬುದನ್ನು ವಿಚಾರಿಸುವುದು ಬರಿಯ ಕುತೂಹಲದ ಮಾತಲ್ಲ.

ಮೊದಲು ಚಿತ್ರದ ಗಾತ್ರವನ್ನು ಲೆಕ್ಕಮಾಡಿ ನೋಡೋಣ. ಚಲಿಸುವ ಚಿತ್ರವೆಂಬುದು ನಿಜವಾಗಿ ಚಲಿಸದ ಚಿತ್ರಗಳ ಸಾಲು. ಸೆಕೆಂಡಿಗೆ 30 ಚಿತ್ರಗಳು ಕಣ್ಣ ಮುಂದೆ ಸರಿದುಹೋದಾಗ ನಮಗೆ ಚಲನೆಯ ಭ್ರಮೆಯುಂಟಾಗುವುದು. ಇಂಥ ಒಂದೊಂದು ಚಿತ್ರವನ್ನೂ ಫ್ರೇಮು ಎನ್ನುತ್ತಾರೆ. ಫುಲ್ ಎಚ್‌ಡಿ ಎಂಬ ಬಗೆಯಲ್ಲಿ ಒಂದು ಫ್ರೇಮಿನ ಅಗಲಕ್ಕೆ 1920, ಎತ್ತರಕ್ಕೆ 1080, ಒಟ್ಟು 20,73,600 ಚುಕ್ಕಿಗಳಿರುವುವು. ಪ್ರತಿಯೊಂದು ಚುಕ್ಕಿಯಲ್ಲಿಯೂ ಕೆಂಪು, ಹಸುರು, ನೀಲಿಗಳು ಎಷ್ಟೆಷ್ಟಿವೆ ಎಂದು ಬರೆದಿಡಲು ಮೂರು ಬೈಟ್ ಬೇಕು. ಎಂದರೆ ಒಂದು ಫ್ರೇಮಿಗೆ 62 ಲಕ್ಷ ಬೈಟ್. ಒಂದು ಸೆಕೆಂಡಿಗೆ 18 ಕೋಟಿ 66 ಲಕ್ಷ ಬೈಟ್. ಒಂದು ಗಂಟೆಗೆ ಸುಮಾರು 672 ಗಿಗಾಬೈಟ್. 4ಕೆ ಎಂದು ಕರೆಯುವ ಇನ್ನೂ ನುಣುಪಾದ ಬಗೆಯಲ್ಲಿ ಇದರ ನಾಲ್ಕರಷ್ಟು ಚುಕ್ಕಿಗಳಿರುವುದರಿಂದ ಗಂಟೆಗೆ 2,687 ಗಿಗಾಬೈಟ್ ಆಗುತ್ತದೆ. ಹೀಗೆ ಇದ್ದುದನ್ನು ಇದ್ದಂತೆಯೇ ಬರೆದಿಡುವುದಾದರೆ ಯಾವ ಮೊಬೈಲೂ ಒಂದು ಮದುವೆಯನ್ನು ಹಿಡಿಯಲಾರದು. ಆದರೂ ಇಂದಿನ ಒಂದು ಒಳ್ಳೆಯ ಮೊಬೈಲು ಅದೇ 4ಕೆ ಚಿತ್ರವನ್ನು ನಿಮಿಷಕ್ಕೆ ಸುಮಾರು 170 ಮೆಗಾಬೈಟಿನಲ್ಲಿ, ಗಂಟೆಗೆ ಹತ್ತು ಗಿಗಾಬೈಟಿನ ಆಸುಪಾಸಿನಲ್ಲಿ ಬರೆದು ಮುಗಿಸುತ್ತದೆ. ಇನ್ನೂರ ಅರವತ್ತರಲ್ಲಿ ಒಂದು ಪಾಲು! ಉಳಿದ ಇನ್ನೂರ ಐವತ್ತೊಂಬತ್ತು ಪಾಲನ್ನು ಅದು ಎಸೆದುಬಿಟ್ಟಿದೆ. ನೋಡುವ ನಮಗೆ ಅದರ ಸುಳಿವೂ ಇಲ್ಲ. ನಾವು ಮೂಲವೆಂದು ಆದರಿಸುವ ಚಿತ್ರವೂ ಆಗಲೇ ಒಮ್ಮೆ ಹಿಂಡಿದ ಚಿತ್ರವೇ ಎಂಬುದನ್ನು ಇಲ್ಲಿಯೇ ಗಮನಿಸತಕ್ಕದ್ದು.

ಈ ಹಿಂಡುವಿಕೆಯು ನಡೆಯುವುದು ಹೇಗೆ? ಮೊದಲನೆಯದಾಗಿ, ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸಲಾರದು. ಆದುದರಿಂದ ಬೆಳಕನ್ನು ಚುಕ್ಕಿಚುಕ್ಕಿಗೂ ಬರೆದುಕೊಂಡು, ಬಣ್ಣವನ್ನು ನಾಲ್ಕು ಚುಕ್ಕಿಗಳಿಗೆ ಒಂದರಂತೆ ಬರೆದುಕೊಂಡರೆ ಸಾಕು. ಇಲ್ಲಿಯೇ ಅರ್ಧ ಉಳಿತಾಯವಾಗುತ್ತದೆ. ಎರಡನೆಯದಾಗಿ, ಮಂಟಪದ ಬಾಳೆಗಂಬ, ಹಿಂದಿನ ಪರದೆ, ನೆಲದ ರಂಗೋಲಿ ಇವು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗುವುದಿಲ್ಲ. ಬದಲಾಗದ್ದನ್ನು ಮತ್ತೆ ಮತ್ತೆ ಬರೆಯುವುದೇಕೆ? ಒಂದು ಫ್ರೇಮನ್ನು ಪೂರ್ಣವಾಗಿ ಬರೆದಿಟ್ಟು, ಮುಂದಿನ ಹಲವು ಫ್ರೇಮುಗಳಿಗೆ ‘ಹಿಂದಿನಂತೆಯೇ’ ಎಂದು ಗುರುತುಹಾಕಿ, ವ್ಯತ್ಯಾಸವನ್ನಷ್ಟೇ ಬರೆಯುತ್ತಾರೆ. ವರನ ಕೈ ಮೇಲೇರಿದರೆ, ಆ ಕೈಯ ತುಣುಕು ಇಷ್ಟು ಚುಕ್ಕಿ ಮೇಲಕ್ಕೆ, ಇಷ್ಟು ಚುಕ್ಕಿ ಬಲಕ್ಕೆ ಸರಿಯಿತು ಎಂದು ಬರೆದರಾಯಿತು. ಊರಿನ ಶಾನುಭೋಗರು ಕೋಷ್ಟಕದಲ್ಲಿ ಮೇಲಿನ ಸಾಲಿನ ಮಾತೇ ಮರಳಿ ಬಂದಾಗ ಎರಡು ಗೀಟು ಎಳೆಯುತ್ತಿದ್ದರಷ್ಟೆ. ಇದೂ ಅದೇ ಉಪಾಯ.

ಮೂರನೆಯ ಉಪಾಯವು ಎಲ್ಲಕ್ಕಿಂತಲೂ ಸೊಗಸಾದದ್ದು. ಅದನ್ನು ಕಂಡುಕೊಂಡವರು ಬೆಂಗಳೂರಿನವರೆಂಬುದನ್ನು ಕನ್ನಡಿಗರಲ್ಲಿ ಎಷ್ಟು ಮಂದಿ ಬಲ್ಲರೋ! ನಾಸಿರ್ ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಕೃಷ್ಣರಾಜ ವೃತ್ತದ ಬಳಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದು, ಅನಂತರ ಅಮೆರಿಕಕ್ಕೆ ಹೋಗಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಗಳಿಸಿದರು. ಮುಂದೆ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಚಿತ್ರವೊಂದರ ಬೆಳಕಿನ ಏರಿಳಿತಗಳನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದೇ, ಹಾಗೆ ಬರೆದರೆ ಅದನ್ನು ಅಡಕಗೊಳಿಸುವುದು ಸುಲಭವಾದೀತೇ ಎಂಬ ವಿಚಾರವನ್ನು ಕೈಗೆತ್ತಿಕೊಳ್ಳಲು ಅವರು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿ ಅರ್ಜಿ ಬರೆದರು. ಹಣ ಸಿಕ್ಕಲಿಲ್ಲ. ವಿಚಾರವು ತೀರ ಸರಳವಾಗಿದೆ ಎಂಬುದು ಪರಿಶೀಲಕರಲ್ಲೊಬ್ಬರ ಆಕ್ಷೇಪವಾಗಿತ್ತೆಂದು ಅಹ್ಮದ್ ಅವರೇ ಮುಂದೆ 1991ರಲ್ಲಿ ಬರೆದಿದ್ದಾರೆ. ಆದರೂ ಅವರು ಕೆಲಸವನ್ನು ಬಿಡಲಿಲ್ಲ. ಶಿಷ್ಯರಾದ ಟಿ. ನಟರಾಜನ್, ಮಿತ್ರರಾದ ಕೆ. ಆರ್. ರಾವ್ ಇವರೊಡನೆ ಸೇರಿ 1974ರ ಜನವರಿಯಲ್ಲಿ ಆ ಕ್ರಮವನ್ನು ಚಿಕ್ಕದೊಂದು ಲೇಖನವಾಗಿ ಪ್ರಕಟಿಸಿದರು. ಇಂದು ಛಾಯಾಚಿತ್ರಗಳನ್ನು ಇಡುವ ಜೆಪೆಗ್ ಕ್ರಮಕ್ಕೆ ಅದೇ ತಳಹದಿ, 2003ರ ಎಚ್.264, 2013ರ ಎಚ್‌ಇವಿಸಿ ಎಂಬ ವಿಡಿಯೊ ಕ್ರಮಗಳಿಗೂ ಅದರ ರೂಪಾಂತರವೇ ತಳಹದಿ. ಸರಳವೆಂದು ತಳ್ಳಿದ ವಿಚಾರವು ಇಂದು ಪ್ರಪಂಚದ ಹೆಚ್ಚುಕಡಿಮೆ ಪ್ರತಿಯೊಂದು ಮೊಬೈಲಿನಲ್ಲಿಯೂ ದುಡಿಯುತ್ತಿದೆ. ಅಮೆರಿಕದ ‘ದಿಸ್ ಈಸ್ ಅಸ್’ ಎಂಬ ಟೆಲಿವಿಷನ್ ಧಾರಾವಾಹಿಯು 2021ರಲ್ಲಿ, ದೂರದಲ್ಲಿ ಚದರಿದ ಕುಟುಂಬವೊಂದು ವಿಡಿಯೊ ಕರೆಯ ಮೂಲಕ ಒಂದುಗೂಡುವ ಕಂತಿನಲ್ಲಿ, ಅಹ್ಮದ್ ದಂಪತಿಗಳ ಈ ಕಥೆಯನ್ನೂ ಹೆಣೆದು ತೋರಿಸಿತು. ನಮ್ಮಲ್ಲಿಯೂ ಯಾರಾದರೂ ಅದನ್ನು ತೋರಿಸಬಹುದಾಗಿತ್ತು.

ಆ ಕ್ರಮದ ಸ್ವರೂಪವಿಷ್ಟು. ಫ್ರೇಮನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಸಣ್ಣ ಚೌಕಗಳಾಗಿ ಕತ್ತರಿಸಿಕೊಳ್ಳುತ್ತಾರೆ. ಹೊಸ ಕ್ರಮಗಳಲ್ಲಿ ಚೌಕವು ಇನ್ನೂ ದೊಡ್ಡದಾಗಿರಬಹುದು. ಒಂದು ಚೌಕದಲ್ಲಿರುವ 64 ಚುಕ್ಕಿಗಳ ಬೆಳಕನ್ನು ಒಂದೊಂದಾಗಿ ಹೇಳುವ ಬದಲು, ‘ಇಡೀ ಚೌಕದ ಸರಾಸರಿ ಬೆಳಕು ಇಷ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ಮಾಗುವ ಅಂಶ ಇಷ್ಟು, ಮೇಲಿನಿಂದ ಕೆಳಕ್ಕೆ ಇಷ್ಟು, ಬೇಗಬೇಗನೆ ಏರಿಳಿಯುವ ಅಂಶ ಇಷ್ಟು’ ಎಂದು 64 ಅಲೆಗಳ ಪ್ರಮಾಣವನ್ನು ಹೇಳುತ್ತಾರೆ. ಇದರಿಂದ ಲಾಭವೇನೆಂದರೆ, ಕೆನ್ನೆ, ಗೋಡೆ, ಆಕಾಶ ಮೊದಲಾದ ನುಣುಪಾದ ಜಾಗಗಳಲ್ಲಿ ಮೊದಲಿನ ಕೆಲವು ಅಲೆಗಳಲ್ಲಿಯೇ ಸತ್ವವೆಲ್ಲ ಸೇರಿಕೊಂಡು, ಉಳಿದವುಗಳ ಪ್ರಮಾಣ ಹೆಚ್ಚುಕಡಿಮೆ ಸೊನ್ನೆಯಾಗಿರುತ್ತದೆ. ಸೊನ್ನೆಗೆ ಹತ್ತಿರವಾದುದನ್ನು ಸೊನ್ನೆಯೆಂದೇ ಬರೆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಬರೆಯುವ ಕೆಲಸ ಮಾತ್ರ ಬಹಳ ಕಡಮೆಯಾಗುತ್ತದೆ.

ಹೀಗೆಂದ ಮೇಲೆ ಅಕ್ಷತೆಯ ರಹಸ್ಯವು ತಾನಾಗಿಯೇ ತಿಳಿಯುತ್ತದೆ. ನೂರು ಕೈಗಳಿಂದ ಒಮ್ಮೆಗೇ ಹಾರುವ ಸಾವಿರಾರು ಅಕ್ಕಿಕಾಳುಗಳು ಒಂದೊಂದೂ ತನ್ನದೇ ದಾರಿ ಹಿಡಿದು ಬೀಳುತ್ತವೆ. ‘ಹಿಂದಿನಂತೆಯೇ’ ಎಂದು ಗುರುತುಹಾಕಲು ಅಲ್ಲಿ ಏನೂ ಇಲ್ಲ. ಕಾಳುಗಳು ಸಣ್ಣವಾದುದರಿಂದ ಬೇಗಬೇಗನೆ ಏರಿಳಿಯುವ ಅಲೆಗಳೇ ಹೆಚ್ಚು. ಸೊನ್ನೆಯೆಂದು ಬಿಡುವುದಕ್ಕೂ ಆಸ್ಪದವಿಲ್ಲ. ಸೆಕೆಂಡಿಗೆ ಇಷ್ಟೇ ಬಿಟ್‌ಗಳಲ್ಲಿ ಬರೆದು ಮುಗಿಸಬೇಕೆಂಬ ಕಟ್ಟಳೆ ಬೇರೆ ಇದೆ. ಬರೆಯಬೇಕಾದದ್ದು ಹತ್ತರಷ್ಟಾಗಿ, ಕಾಗದ ಅಷ್ಟೇ ಇದ್ದರೆ ಏನು ಮಾಡಬೇಕು? ಚೌಕವೊಂದಕ್ಕೆ ಸರಾಸರಿ ಬೆಳಕನ್ನು ಮಾತ್ರ ಬರೆದು ಮುಂದೆ ಹೋಗಬೇಕು. ನಮ್ಮ ಕಣ್ಣಿಗೆ ಕಾಣುವ ಆ ಚೌಕಗಳು ಇವೇ. ಮಳೆ, ಜಲಪಾತ, ಗಾಳಿಗೆ ಅಲುಗಾಡುವ ಅಡಕೆಯ ತೋಟ, ಕುಣಿಯುವ ಯಕ್ಷಗಾನದ ವೇಷದ ಮಣಿಸರ ಇವೆಲ್ಲವೂ ಇದೇ ಕಾರಣಕ್ಕೆ ಅಡಕಕ್ಕೆ ಒಗ್ಗದ ವಸ್ತುಗಳು. ಮೇಜಿನ ಮುಂದೆ ಕುಳಿತು ಮಾಡುವ ಭಾಷಣವೋ ಅತ್ಯಂತ ಸುಲಭವಾಗಿ ಅಡಕವಾಗುತ್ತದೆ. ಮದುವೆಯಲ್ಲಿ ಯಾವ ಗಳಿಗೆಗಾಗಿ ಎಲ್ಲರೂ ಕಾದಿರುವರೋ ಆ ಗಳಿಗೆಯೇ ಗಣಿತಕ್ಕೆ ಎಲ್ಲಕ್ಕಿಂತ ಕಷ್ಟವಾದುದು.

ಆದರೆ ಮೊಬೈಲಿನಲ್ಲಿರುವ ಮೂಲದಲ್ಲಿ ಚೌಕಗಳು ಕಾಣಲಿಲ್ಲವಲ್ಲ? ಅಲ್ಲಿ ಸೆಕೆಂಡಿಗೆ ಸಾಕಷ್ಟು ಬಿಟ್‌ಗಳಿದ್ದುವು. ವಾಟ್ಸಾಪಿನಂಥ ಸಂದೇಶವಾಹಕವು ಚಿತ್ರವನ್ನು ತೆಗೆದುಕೊಂಡೊಡನೆ ಅದನ್ನು ಬಿಚ್ಚಿ, ಚುಕ್ಕಿಗಳ ಸಂಖ್ಯೆಯನ್ನು ತಗ್ಗಿಸಿ, ಇನ್ನೂ ಬಿಗಿಯಾದ ಕಟ್ಟಳೆಗೆ ಒಳಪಡಿಸಿ ಎರಡನೆಯ ಸಲ ಹಿಂಡುತ್ತದೆ. ಇದನ್ನು ಮೋಸವೆನ್ನಲಾಗದು. ಅಂಗೈಯಗಲದ ತೆರೆಯಲ್ಲಿ, ಬಸ್ಸಿನಲ್ಲಿ ಕುಳಿತವರೂ ಬೇಗ ನೋಡುವಂತಾಗಲೆಂಬುದು ಅದರ ಉದ್ದೇಶ. ಅಷ್ಟಕ್ಕೆ ಅದು ಸಾಕು. 2023ರಲ್ಲಿ ಅದಕ್ಕೆ ಎಚ್‌ಡಿ ಎಂಬ ಆಯ್ಕೆಯೊಂದು ಸೇರಿತು. ಅದರಿಂದ ಚಿತ್ರ ಉತ್ತಮಗೊಳ್ಳುವುದು ನಿಜ, ಮೂಲವೇ ಹೋಗುವುದೆಂದು ಮಾತ್ರ ತಿಳಿಯಬಾರದು. ಹೀಗೆ ಬಂದದ್ದನ್ನು ಇಳಿಸಿಕೊಂಡು, ಸ್ವಲ್ಪ ಕತ್ತರಿಸಿ, ಹಾಡು ಸೇರಿಸಿ ಇನ್ನೊಂದು ಗುಂಪಿಗೆ ಹಾಕಿದರೆ ಮೂರನೆಯ ಹಿಂಡುವಿಕೆಯೂ ನಾಲ್ಕನೆಯದೂ ಆಗುತ್ತವೆ. ಜೆರಾಕ್ಸ್ ಪ್ರತಿಯ ಜೆರಾಕ್ಸ್ ತೆಗೆದ ಹಾಗೆ.

ಕೆಲವರು ಇಂಥ ಕಡತವನ್ನು, ಎಂದರೆ ಜನರ ಬಾಯಲ್ಲಿರುವ ಫೈಲನ್ನು, ಜಿಪ್ ಮಾಡಿದರೆ ಗಾತ್ರ ಇಳಿಯುವುದೆಂದು ನಂಬಿರುವರು. ಬರಹದ ಕಡತಕ್ಕೆ ಅದು ಸಲ್ಲುವ ಮಾತು. ವಿಡಿಯೊದಲ್ಲಿ ಮರಳಿ ಮರಳಿ ಬರುವ ಅಂಶವೆಲ್ಲವನ್ನೂ ಆಗಲೇ ತೆಗೆದುಹಾಕಿರುವುದರಿಂದ ಜಿಪ್ಪಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಹಿಂಡಿ ಒಣಹಾಕಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ನೀರು ಬಂದೀತೆ?

ಮಸುಕಾದ ಪ್ರತಿಯಿಂದ ಮೂಲವನ್ನು ಮರಳಿ ಪಡೆಯಬಹುದೇ ಎಂಬ ಪ್ರಶ್ನೆಯೂ ಸಹಜವೇ. ಸೊನ್ನೆಯೆಂದು ಬರೆದುಬಿಟ್ಟ ಅಲೆಗಳು ಎಷ್ಟಿದ್ದುವೆಂಬುದನ್ನು ತಿಳಿಸುವ ಗುರುತು ಎಲ್ಲಿಯೂ ಇಲ್ಲ. ಗಣಿತದ ಮಟ್ಟಿಗೆ ಅವು ಹೋದಂತೆಯೇ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ನೆರವಿನಿಂದ ಹಳೆಯ ಚಿತ್ರಗಳನ್ನು ಸ್ಪಷ್ಟಗೊಳಿಸುವ ಸಾಧನಗಳು ಬಂದಿವೆ. ಅವು ಲಕ್ಷಾಂತರ ಬೇರೆ ಮುಖಗಳನ್ನು ಕಂಡು ಕಲಿತು, ಇಲ್ಲಿ ಇಂಥ ರೆಪ್ಪೆ ಇದ್ದಿರಬಹುದು, ಇಂಥ ಸುಕ್ಕು ಇದ್ದಿರಬಹುದು ಎಂದು ಊಹಿಸಿ ಬರೆಯುತ್ತವೆ. ಚಿತ್ರವೇನೋ ನಿಚ್ಚಳವಾಗುತ್ತದೆ, ಆದರೆ ಅಲ್ಲಿ ಕಾಣುವ ಸುಕ್ಕು ಅಜ್ಜಿಯದಲ್ಲ.

ಹಾಗಾದರೆ ಮೂಲವನ್ನೇ ಕಳುಹಿಸುವ ದಾರಿ ಯಾವುದು? ಇ-ಅಂಚೆಯಂತೂ ಅಲ್ಲ. ಇ-ಅಂಚೆಯು ಮೊದಲಿಗೆ ಬರಹಕ್ಕೆಂದೇ ಹುಟ್ಟಿದುದು. ಅದರೊಡನೆ ಚಿತ್ರ, ಧ್ವನಿ ಮೊದಲಾದುವನ್ನೂ ಲಗತ್ತಿಸುವ ಕ್ರಮವನ್ನು ರೂಪಿಸಿದವರಲ್ಲಿ ಮುಖ್ಯರಾದ ನಥಾನಿಯಲ್ ಬೋರೆನ್‌ಸ್ಟೈನ್ ಅವರು 1992ರ ಮಾರ್ಚಿಯಲ್ಲಿ ತಮ್ಮ ಗೆಳೆಯರ ಹಾಡುವ ತಂಡದ ಚಿತ್ರವನ್ನೂ ಹಾಡನ್ನೂ ಸೇರಿಸಿ ಪತ್ರವೊಂದನ್ನು ಕಳುಹಿಸಿದರು. ಇದೆಲ್ಲ ಏಕೆ ಬೇಕೆಂದು ಕೇಳಿದವರಿಗೆ, ಮುಂದೊಂದು ದಿನ ಮೊಮ್ಮಕ್ಕಳು ಹುಟ್ಟಿದಾಗ ಅವರ ಚಿತ್ರಗಳನ್ನು ಇ-ಅಂಚೆಯಲ್ಲಿ ಪಡೆಯಬೇಕೆಂಬುದು ತಮ್ಮ ಆಸೆಯೆಂದು ಅವರು ಹೇಳುತ್ತಿದ್ದರಂತೆ. ಲಗತ್ತು ಹುಟ್ಟಿದುದೇ ಕುಟುಂಬದ ಚಿತ್ರಕ್ಕಾಗಿ ಎಂದರೆ ತಪ್ಪಾಗಲಾರದು. ಆದರೆ ಬರಹದ ಗಾಡಿಯಲ್ಲಿ ಚಿತ್ರವನ್ನು ಹೇರಬೇಕಾದರೆ ಅದನ್ನೂ ಅಕ್ಷರಗಳಾಗಿ ಮಾರ್ಪಡಿಸಬೇಕು. ಮೂರು ಬೈಟು ನಾಲ್ಕು ಅಕ್ಷರಗಳಾಗಿ ಹೊರೆಯು ಮೂರನೆಯ ಒಂದರಷ್ಟು ಹೆಚ್ಚುತ್ತದೆ. ಮೇಲಾಗಿ ಜಿಮೇಲಿನಲ್ಲಿ ಒಂದು ಪತ್ರಕ್ಕೆ 25 ಮೆಗಾಬೈಟಿನ ಮಿತಿಯುಂಟು. ಮೇಲೆ ಹೇಳಿದ 4ಕೆ ಚಿತ್ರದ ಲೆಕ್ಕದಲ್ಲಿ ಅದು ಹತ್ತು ಸೆಕೆಂಡಿಗೂ ಸಾಲದು. ಮಂಗಳವಾದ್ಯ ಮೊಳಗುವುದರೊಳಗೆ ಮುಗಿಯಿತು.

ಇನ್ನು ದಾರಿಯ ವಿಚಾರ. ಕ್ಯಾಲಿಫೋರ್ನಿಯ ದೂರವಾದುದರಿಂದ ತಡವಾಗುತ್ತದೆಂದು ಬಹುಮಂದಿ ತಿಳಿದಿರುವರು. ಕಡಲಡಿಯ ಗಾಜಿನ ಎಳೆಗಳಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬಯಿಯಿಂದಲೋ ಚೆನ್ನೈಯಿಂದಲೋ ಕಡಲಿಗಿಳಿದು ಸುತ್ತಿ ಬಳಸಿ ಹೋಗುವ ದಾರಿಯನ್ನು 20,000 ಕಿಲೋಮೀಟರೆಂದೇ ಹಿಡಿದರೂ ಅದು ಸೆಕೆಂಡಿನ ಹತ್ತನೆಯ ಒಂದು ಭಾಗದ ಮಾತು. ತಡವಾಗುವುದು ಕಡಲಿನಲ್ಲಲ್ಲ, ಮನೆಯ ಬಾಗಿಲಿನಲ್ಲಿ. ನಮ್ಮಲ್ಲಿ ಹೆಚ್ಚಿನವರು ಅಂತರಜಾಲದಿಂದ ಪಡೆಯುವುದು ಹೆಚ್ಚು, ಅದಕ್ಕೆ ಕೊಡುವುದು ಕಡಮೆ. ಆದುದರಿಂದ ಹಳೆಯ ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿಯೂ ಮೊಬೈಲ್ ಜಾಲದಲ್ಲಿಯೂ ಬರುವ ದಾರಿಯನ್ನು ಅಗಲವಾಗಿ, ಹೋಗುವ ದಾರಿಯನ್ನು ಕಿರಿದಾಗಿ ಹಾಕಿರುತ್ತಾರೆ. ‘ನಮ್ಮ ಮನೆಯಲ್ಲಿ ಸಿನಿಮಾ ತಡೆಯಿಲ್ಲದೆ ಓಡುತ್ತದೆ, ಕಳುಹಿಸುವಾಗ ಮಾತ್ರ ಏಕೆ ನಿಲ್ಲುತ್ತದೆ?’ ಎಂಬುದಕ್ಕೆ ಇದೇ ಉತ್ತರ. ಮನೆಯವರೆಗೆ ಗಾಜಿನ ಎಳೆಯನ್ನೇ ಎಳೆದಿರುವ ಕಡೆ ಎರಡು ದಾರಿಗಳೂ ಹಲವು ಸಲ ಸಮವಾಗಿರುತ್ತವೆ.

ಇಲ್ಲಿ ಇನ್ನೊಂದು ತೊಡಕುಂಟು. ಕಡತವನ್ನು ಅಳೆಯುವುದು ಬೈಟುಗಳಲ್ಲಿ, ವೇಗವನ್ನು ಅಳೆಯುವುದು ಬಿಟ್ಟುಗಳಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ‘5 ಮೆಗಾಬಿಟ್’ ವೇಗದಲ್ಲಿ ಸೆಕೆಂಡಿಗೆ ಐದು ಮೆಗಾಬೈಟ್ ಹೋದೀತೆಂದು ಲೆಕ್ಕಹಾಕಿದವರು ಎಂಟರಷ್ಟು ಹೊತ್ತು ಕಾಯಬೇಕಾಗುತ್ತದೆ. ಒಂದು ಗಂಟೆಯ ನಮ್ಮ ಮದುವೆ ಹತ್ತು ಗಿಗಾಬೈಟ್ ಎಂದರೆ 80,000 ಮೆಗಾಬಿಟ್. ಆ ವೇಗದಲ್ಲಿ ಅದಕ್ಕೆ 16,000 ಸೆಕೆಂಡು, ನಾಲ್ಕೂವರೆ ಗಂಟೆ. 50 ಮೆಗಾಬಿಟ್ಟಿನ ದಾರಿಯಿದ್ದರೆ 27 ನಿಮಿಷ.

ಇಷ್ಟು ಹೊತ್ತು ನಡೆಯುವ ಪ್ರಯಾಣದಲ್ಲಿ ಕಡತವು ಇಡಿಯಾಗಿ ಹೋಗುವುದಿಲ್ಲ. ಅದನ್ನು ಸಾವಿರದ ಐನೂರು ಬೈಟುಗಳ ಆಸುಪಾಸಿನ ಪೊಟ್ಟಣಗಳಾಗಿ ಕತ್ತರಿಸುತ್ತಾರೆ. ಮೇಲಿನ ಕಡತಕ್ಕೆ ಸುಮಾರು 70 ಲಕ್ಷ ಪೊಟ್ಟಣಗಳಾಗುವುವು. ಒಂದೊಂದಕ್ಕೂ ಕ್ರಮಾಂಕ ಹಾಕಿ, ಅತ್ತ ಕಡೆಯಿಂದ ‘ಮುಟ್ಟಿತು’ ಎಂಬ ರಸೀದಿ ಬಾರದಿದ್ದರೆ ಅದನ್ನು ಮತ್ತೊಮ್ಮೆ ಕಳುಹಿಸುವ ಏರ್ಪಾಡನ್ನು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಎಂಬವರು 1974ರ ಮೇ ತಿಂಗಳಿನಲ್ಲಿ ಪ್ರಕಟಿಸಿದರು. ನಾಸಿರ್ ಅಹ್ಮದ್ ಅವರ ಲೇಖನ ಬಂದ ನಾಲ್ಕು ತಿಂಗಳಿಗೆ! ಚಿತ್ರವನ್ನು ಅಡಕಗೊಳಿಸುವ ವಿದ್ಯೆಯೂ ಅದನ್ನು ತಪ್ಪದೆ ಮುಟ್ಟಿಸುವ ವಿದ್ಯೆಯೂ ಒಂದೇ ವರ್ಷದಲ್ಲಿ, ಒಂದನ್ನೊಂದು ಅರಿಯದೆ, ಬೆಳಕಿಗೆ ಬಂದುವು. ರಸೀದಿಯ ಈ ಏರ್ಪಾಡಿರುವುದರಿಂದಲೇ ದಾರಿಯಲ್ಲಿ ಪೊಟ್ಟಣಗಳು ಕಳೆದುಹೋದರೂ ಚಿತ್ರದಲ್ಲಿ ತೂತು ಬೀಳುವುದಿಲ್ಲ. ಆದುದರಿಂದ ಚಿತ್ರ ಮಸುಕಾದಾಗ ಜಾಲವನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಜಾಲವು ಕೊಟ್ಟದ್ದನ್ನು ಕೊಟ್ಟಂತೆಯೇ ಮುಟ್ಟಿಸಿದೆ.

ದಾರಿ ತೀರ ಕಿರಿದಾದರೆ ಹಕ್ಕಿಯೂ ಜಾಲವನ್ನು ಸೋಲಿಸಬಲ್ಲದು. 2009ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕದ ಸಂಸ್ಥೆಯೊಂದರವರು ಬ್ರಾಡ್‌ಬ್ಯಾಂಡಿನ ನಿಧಾನಕ್ಕೆ ಬೇಸತ್ತು, ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಗಿಗಾಬೈಟಿನ ಸಣ್ಣ ನೆನಪಿನ ತುಣುಕನ್ನು ಕಟ್ಟಿ ಹೋವಿಕ್ ಎಂಬಲ್ಲಿಂದ ಹಾರಿಬಿಟ್ಟರು. ಅದು 80 ಕಿಲೋಮೀಟರ್ ದೂರದ ಡರ್ಬನ್ನಿಗೆ ಒಂದು ಗಂಟೆ ಎಂಟು ನಿಮಿಷದಲ್ಲಿ ತಲಪಿತು. ತುಣುಕಿನಲ್ಲಿದ್ದುದನ್ನು ಗಣಕಕ್ಕೆ ಇಳಿಸಿಕೊಂಡ ಹೊತ್ತನ್ನೂ ಸೇರಿಸಿ ಎರಡು ಗಂಟೆ ಏಳು ನಿಮಿಷವಾಗುವಷ್ಟರಲ್ಲಿ, ತಂತಿಯ ಮೇಲೆ ಹೊರಟಿದ್ದ ಅದೇ ಕಡತವು ನೂರರಲ್ಲಿ ನಾಲ್ಕು ಪಾಲು ಮಾತ್ರ ಮುಟ್ಟಿತ್ತು. ನಮ್ಮಲ್ಲಿಯೂ ಅಮೆರಿಕಕ್ಕೆ ಹೊರಟ ನಂಟರ ಕೈಯಲ್ಲಿ ಉಪ್ಪಿನಕಾಯಿಯೊಡನೆ 64 ಗಿಗಾಬೈಟಿನ ಪೆನ್‌ಡ್ರೈವ್ ಕೊಟ್ಟು ಕಳುಹಿಸುವುದುಂಟು. ಅವರ ಪ್ರಯಾಣಕ್ಕೆ ಒಂದು ಹಗಲು ಒಂದು ರಾತ್ರಿ ಹಿಡಿಯಿತೆಂದರೂ ಅದು ಎಡೆಬಿಡದೆ ಸೆಕೆಂಡಿಗೆ ಸುಮಾರು ಆರು ಮೆಗಾಬಿಟ್ ಸಾಗಿಸಿದಂತೆ. ಹಲವು ಹಳ್ಳಿಮನೆಗಳ ಹೋಗುವ ದಾರಿಗಿಂತ ಇದು ಅಗಲವೇ ಸರಿ.

ನಂಟರು ಹೊರಡುವುದನ್ನು ಕಾಯಲಾಗದವರಿಗೆ ತಕ್ಕ ಉಪಾಯವೆಂದರೆ ಕಡತವನ್ನು ಕಳುಹಿಸದೆ ಅದರ ವಿಳಾಸವನ್ನು ಕಳುಹಿಸುವುದು. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮೊದಲಾದವು ಬಾಡಿಗೆಯ ಉಗ್ರಾಣಗಳಿದ್ದಂತೆ. ಸ್ವಲ್ಪ ಜಾಗ ಉಚಿತ, ಹೆಚ್ಚಿಗೆ ಬೇಕಾದರೆ ಹಣ. ಅಲ್ಲಿ ಮೂಲವನ್ನು ಒಂದು ಸಲ ಏರಿಸಿಟ್ಟು, ಅದರ ಕೊಂಡಿಯನ್ನು ಬೇಕಾದ ಬಂಧುಗಳಿಗೆ ಕಳುಹಿಸಿದರೆ ಅವರು ತಮ್ಮ ಅಗಲವಾದ ದಾರಿಯಲ್ಲಿ ಇಳಿಸಿಕೊಳ್ಳುವರು. ಕಿರಿದಾದ ದಾರಿಯಲ್ಲಿ ಒಂದೇ ಪ್ರಯಾಣ. ಬಂಧುಗಳು ಇಪ್ಪತ್ತು ಮಂದಿಯಾದರೂ ಹೊರೆ ಹೆಚ್ಚುವುದಿಲ್ಲ. ನಡುವೆ ವಿದ್ಯುತ್ತು ಹೋದರೆ ನಿಂತಲ್ಲಿಂದಲೇ ಮುಂದುವರಿಯುವ ಅನುಕೂಲವನ್ನೂ ಇವುಗಳಲ್ಲಿ ಹಲವು ಒದಗಿಸಿವೆ. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ಉಪಕಾರವಲ್ಲ. ಕಡತವು 2 ಗಿಗಾಬೈಟಿಗಿಂತ ಚಿಕ್ಕದಾದರೆ ವಾಟ್ಸಾಪಿನಲ್ಲಿಯೇ ಅದನ್ನು ವಿಡಿಯೊ ಎಂದು ಹಾಕದೆ ಡಾಕ್ಯುಮೆಂಟ್ ಎಂದು ಆರಿಸಿ ಹಾಕಬಹುದು. 2022ರಿಂದ ಆ ಮಿತಿಯವರೆಗೆ ಅವಕಾಶವಿದೆ. ಡಾಕ್ಯುಮೆಂಟ್ ಎಂದು ಹೋದದ್ದನ್ನು ಅದು ಬಿಚ್ಚಿ ಹಿಂಡುವುದಿಲ್ಲ.

ಯೂಟ್ಯೂಬಿನಲ್ಲಿ ಎಲ್ಲರಿಗೂ ಕಾಣದಂತೆ ಇಡುವ ಅನ್‌ಲಿಸ್ಟೆಡ್ ಎಂಬ ಏರ್ಪಾಡನ್ನೂ ಅನೇಕರು ಬಳಸುವರು. ಟೆಲಿವಿಷನ್ನಿನ ಮುಂದೆ ಕುಳಿತು ನೋಡುವುದಕ್ಕೆ ಇದರಷ್ಟು ಸುಲಭವಾದುದು ಇನ್ನೊಂದಿಲ್ಲ. ಆದರೆ ಯೂಟ್ಯೂಬು ತಾನು ಪಡೆದುದೆಲ್ಲವನ್ನೂ ತನ್ನ ಅಳತೆಗಳಿಗೆ ಮತ್ತೆ ಹಿಂಡಿಯೇ ತೋರಿಸುವುದು. ಆದುದರಿಂದ ಅದು ನೋಡುವ ಜಾಗವೇ ಹೊರತು ಕಾಪಾಡುವ ಜಾಗವಲ್ಲ. ಗೂಗಲ್ ಫೋಟೋಸಿನಲ್ಲಿಯೂ ‘ಮೂಲ ಗುಣಮಟ್ಟ’ ಎಂಬುದನ್ನು ಆರಿಸದೆ ಜಾಗ ಉಳಿಸುವ ಬಗೆಯನ್ನು ಆರಿಸಿದ್ದರೆ 4ಕೆ ಚಿತ್ರವು ಫುಲ್ ಎಚ್‌ಡಿಗೆ ಇಳಿಯುತ್ತದೆ. ಇದನ್ನು ಎಷ್ಟೋ ಮಂದಿ ಗಮನಿಸಿರುವುದಿಲ್ಲ.

ಕೊಂಡಿಯು ಬೀಗದಕೈಯಿದ್ದಂತೆ. ಯೂಟ್ಯೂಬಿನ ಕೊಂಡಿಯಲ್ಲಿ ಚಿತ್ರದ ಗುರುತಾಗಿ ಬರುವ ಹನ್ನೊಂದು ಚಿಹ್ನೆಗಳನ್ನು 64 ಚಿಹ್ನೆಗಳಿಂದ ಆರಿಸಿರುತ್ತಾರೆ. ಅವುಗಳ ಜೋಡಣೆಗಳು 7ರ ಮುಂದೆ 19 ಸೊನ್ನೆಗಳನ್ನು ಬರೆದಷ್ಟಕ್ಕಿಂತಲೂ ಹೆಚ್ಚು. ಊಹಿಸಿ ಕಂಡುಹಿಡಿಯುವುದು ಆಗದ ಮಾತು. ಆದರೆ ಊಹಿಸುವ ಪ್ರಮೇಯವೇ ಬರುವುದಿಲ್ಲ; ದೊಡ್ಡಮ್ಮನವರು ಮಹಿಳಾ ಸಮಾಜದ ಗುಂಪಿಗೆ ಅದನ್ನು ದಾಟಿಸಿದರೆ ಮುಗಿಯಿತು. ಹೆಣ್ಣುಮಕ್ಕಳ, ಎಳೆಯರ ಚಿತ್ರಗಳಿರುವಾಗ ‘ಕೊಂಡಿಯಿರುವ ಯಾರಾದರೂ’ ಎಂಬುದನ್ನು ಬಿಟ್ಟು, ಇಂಥಿಂಥವರ ಖಾತೆಗೆ ಮಾತ್ರ ಎಂದು ಹೆಸರಿಸುವ ಆಯ್ಕೆಯೇ ಲೇಸು. ಮುದುಕರಿಗೆ ಸ್ವಲ್ಪ ತೊಂದರೆಯಾಗುತ್ತದೆ. ಮೊಮ್ಮಕ್ಕಳು ಅಷ್ಟು ನೆರವಾಗಲಿ.

ಉಗ್ರಾಣದಲ್ಲಿಟ್ಟುದು ಚಿರಕಾಲ ಇರುವುದೆಂಬ ಭರವಸೆಯೂ ಬೇಡ. ದೊಡ್ಡ ಕಡತಗಳನ್ನು ಸಾಗಿಸಿಕೊಡುವ ಕೆಲವು ಸೇವೆಗಳು ಕೆಲವೇ ದಿನಗಳಲ್ಲಿ ಅವುಗಳನ್ನು ಅಳಿಸುತ್ತವೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ ಸಂಸ್ಥೆಯು 2023ರಲ್ಲಿ ಪ್ರಕಟಿಸಿತು. ತೀರಿಕೊಂಡವರ ಖಾತೆಯಲ್ಲಿರುವ ಚಿತ್ರಗಳ ವಿಚಾರದಲ್ಲಿ ಇದು ನೆನಪಿಡಬೇಕಾದ ಸಂಗತಿ. ಆದುದರಿಂದ ಮೂಲದ ಒಂದು ಪ್ರತಿ ಉಗ್ರಾಣದಲ್ಲಿಯೂ, ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿಯೂ, ಇನ್ನೊಂದು ಬೇರೆ ಊರಿನ ನಂಟರ ಮನೆಯಲ್ಲಿಯೂ ಇರುವುದು ಒಳ್ಳೆಯದು. ಇಡೀ ನಾಲ್ಕು ಗಂಟೆಯ ಚಿತ್ರವನ್ನು ಇಪ್ಪತ್ತು ಮಂದಿಗೂ ಹಂಚಬೇಕಾಗಿಲ್ಲ; ಅದನ್ನು ಕಡೆಯವರೆಗೆ ನೋಡುವವರು ವಧುವಿನ ತಾಯಿಯೊಬ್ಬರೇ. ಉಳಿದವರಿಗೆ ಐದು ನಿಮಿಷದ ಸಣ್ಣ ಪ್ರತಿ, ಎಷ್ಟು ಹಿಂಡಿದರೂ ಚಿಂತೆಯಿಲ್ಲ. ಜಾಗಕ್ಕೆ ತೀರ ಕೊರತೆಯಿದ್ದವರು ಧ್ವನಿಯನ್ನಾದರೂ ಪ್ರತ್ಯೇಕವಾಗಿ ಉಳಿಸಿಕೊಳ್ಳಬಹುದು. ಸೆಕೆಂಡಿಗೆ 128 ಕಿಲೋಬಿಟ್ಟಿನ ಒಳ್ಳೆಯ ಧ್ವನಿಗೆ ಗಂಟೆಗೆ 58 ಮೆಗಾಬೈಟ್ ಸಾಕು. ಅಜ್ಜಿಯ ಹಾಡಿಗೆ ಬೇಕಾಗುವ ಜಾಗ ಅಷ್ಟೇ.

ಅತ್ತ ಕಡೆಗೆ ಮುಟ್ಟಿದ್ದು ಮೂಲವೇ ಹೌದೋ ಅಲ್ಲವೋ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಎರಡು ಕಡೆಯೂ ಕಡತದ ವಿವರವನ್ನು ತೆರೆದು ಬೈಟುಗಳ ಸಂಖ್ಯೆಯನ್ನು ಕೊನೆಯ ಅಂಕಿಯವರೆಗೆ ಓದಿ ಹೋಲಿಸಬೇಕು. ಮರಳಿ ಹಿಂಡಿದ್ದರೆ ಸಂಖ್ಯೆ ಒಂದಾಗುವುದು ಅಸಂಭವ. ಇನ್ನೂ ಕಟ್ಟುನಿಟ್ಟಾಗಿ ನೋಡಬೇಕೆನ್ನುವವರು ಷಾ-256 ಎಂಬ ಗಣಿತದ ಮುದ್ರೆಯನ್ನು ಎರಡು ಕಡೆಯೂ ತೆಗೆದು ನೋಡಬಹುದು. ಹತ್ತು ಗಿಗಾಬೈಟಿನಲ್ಲಿ ಒಂದೇ ಒಂದು ಬಿಟ್ಟು ಬೇರೆಯಾದರೂ ಆ 64 ಅಕ್ಷರಗಳ ಮುದ್ರೆ ಪೂರ್ತಿ ಬೇರೆಯಾಗಿ ಬರುತ್ತದೆ.

ಕಡೆಗೆ, ಇಳಿಸಿಕೊಂಡುದನ್ನು ಊರಿನ ಹಿರಿಯರ ಟೆಲಿವಿಷನ್ನಿಗೆಂದು ಪೆನ್‌ಡ್ರೈವಿಗೆ ಹಾಕುವಾಗ ಎದುರಾಗುವ ಎರಡು ತೊಡಕುಗಳು. ಹಳೆಯ ಪೆನ್‌ಡ್ರೈವುಗಳಲ್ಲಿ ಜಾಗವನ್ನು ಫ್ಯಾಟ್32 ಎಂಬ ಕ್ರಮದಲ್ಲಿ ವಿಂಗಡಿಸಿರುತ್ತಾರೆ. ಅದರಲ್ಲಿ ಕಡತದ ಅಳತೆಯನ್ನು ಬರೆಯಲು 32 ಬಿಟ್ಟುಗಳ ಜಾಗವಷ್ಟೇ ಇರುವುದರಿಂದ 4,29,49,67,295 ಬೈಟುಗಳಿಗಿಂತ ದೊಡ್ಡ ಕಡತವನ್ನು ಅದು ಒಪ್ಪುವುದಿಲ್ಲ. ಡ್ರೈವಿನಲ್ಲಿ ಅರವತ್ತು ಗಿಗಾಬೈಟ್ ಖಾಲಿಯಿದ್ದರೂ ಜಾಗವಿಲ್ಲವೆನ್ನುತ್ತದೆ! ಅದನ್ನು ಎಕ್ಸ್‌ಫ್ಯಾಟ್ ಕ್ರಮಕ್ಕೆ ಬದಲಾಯಿಸಿದರೆ ಈ ಮಿತಿ ಹೋಗುವುದು. ಆದರೆ ಬದಲಾಯಿಸುವಾಗ ಅದರಲ್ಲಿದ್ದುದೆಲ್ಲ ಅಳಿದುಹೋಗುವುದರಿಂದ ಮೊದಲು ಅದನ್ನು ಬೇರೆಡೆಗೆ ತೆಗೆದಿಡಬೇಕು. ಇನ್ನೊಂದು ತೊಡಕು, ಹೊಸ ಮೊಬೈಲು ಎಚ್‌ಇವಿಸಿಯಲ್ಲಿ ಬರೆದದ್ದನ್ನು ಹಳೆಯ ಟೆಲಿವಿಷನ್ನು ಓದಲಾರದೆ ಕಪ್ಪು ತೆರೆಯನ್ನು ತೋರಿಸುವುದು. ಅಂಥ ಕಡೆಗೆ ಎಚ್.264ರಲ್ಲಿ ಬೇರೊಂದು ಪ್ರತಿಯನ್ನು ಮಾಡಿಕೊಟ್ಟು, ಮೂಲವನ್ನು ಇದ್ದಲ್ಲಿಯೇ ಬಿಡತಕ್ಕದ್ದು.